ಗೋಡೆ ಹತ್ತಿದ ಬೆಟ್ಟ

ರೇಷ್ಮೆಗೂಡಿನ ಚೀಲ ಹೊತ್ತ ಗಾಡಿಗಳು ಮಾರುಕಟ್ಟೆ ಸೇರುವ ಮೊದಲೇ, ಬೆಳಗಿನ ಜಾವದ ಮಬ್ಬಿನಲ್ಲಿ, ರಾಮನಗರದ ಬೀದಿಗೆ ಒಂದು ಸೈಕಲ್ಲು ಇಳಿಯುತ್ತಿತ್ತು. ಹ್ಯಾಂಡಲ್ಲಿಗೆ ಅಂಟಿನ ಬಕೆಟ್ಟು, ಕ್ಯಾರಿಯರ್ ಮೇಲೆ ಮಡಿಸಿದ ಕಾಗದದ ಕಟ್ಟು, ಹೆಗಲಿಗೆ ಪುಟ್ಟ ಏಣಿ. ಮೈದಾಹಿಟ್ಟನ್ನು ನೀರಲ್ಲಿ ಕದಡಿ ಕುದಿಸಿ, ಚಿಟಿಕೆ ಮೈಲುತುತ್ತ ಬೆರೆಸಿ ಇಳಿಸಿದ ಅಂಟು ಅದು. ಹುಳ ಹಿಡಿಯದಿರಲಿ, ಬೀದಿ ದನ ಬಂದು ಪೋಸ್ಟರು ನೆಕ್ಕಿ ಕೀಳದಿರಲಿ ಎಂದು ಮೈಲುತುತ್ತ. ಆದರೂ ದನ ಕೀಳುತ್ತಿತ್ತು.

ಗುರುವಾರ ರಾತ್ರಿ ಕಳೆದು ಶುಕ್ರವಾರ ಬೆಳಗಾಗುವಷ್ಟರಲ್ಲಿ ಊರಿನ ಗೋಡೆಗಳೆಲ್ಲ ಬದಲಾಗಬೇಕು. ಮೊದಲು ಗೋಡೆಗೆ ಒಂದು ಕೈ ಅಂಟು, ಅದರ ಮೇಲೆ ಕಾಗದ, ಕಾಗದದ ಮೇಲೆ ಮತ್ತೊಂದು ಕೈ ಅಂಟು. ಬ್ರಷ್ಷನ್ನು ನಡುವಿನಿಂದ ಅಂಚಿಗೆ ಎಳೆಯಬೇಕು. ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿ, ಬಿಸಿಲೇರಿದ ಮೇಲೆ ಗುಳ್ಳೆ ಏಳುತ್ತದೆ. ದೊಡ್ಡ ಪೋಸ್ಟರಾದರೆ ಆರು ಹಾಳೆ. ಹಾಳೆಗೆ ಹಾಳೆ ಕೂಡಿಸುವಾಗ ಒಂದಿಂಚು ಆಚೀಚೆಯಾದರೂ ನಾಯಕನ ಮೂಗು ಎರಡಾಗುತ್ತದೆ. ಲಾಟೀನಿನ ಬೆಳಕಿರಲಿ, ಬೀದಿ ದೀಪವಿರಲಿ, ಕೆಲಸ ಗೊತ್ತಿದ್ದ ಕೈಗೆ ಕಣ್ಣಿನ ಹಂಗಿರಲಿಲ್ಲ. ಬೆರಳ ತುದಿಯಲ್ಲೇ ಅಂಚು ಹುಡುಕಿ ಕೂರಿಸುತ್ತಿತ್ತು.

ಕಡೆಯದಾಗಿ ಸ್ಲಿಪ್ಪು. ಪೋಸ್ಟರಿನ ಅಡಿಯಲ್ಲಿ ಅಂಟಿಸುವ, ಅಂಗೈ ಅಗಲದ ಉದ್ದನೆಯ ಪಟ್ಟಿ. ಟಾಕೀಸಿನ ಹೆಸರು, ಊರಿನ ಹೆಸರು, 'ಇಂದಿನಿಂದ', 'ಪ್ರತಿದಿನ 3 ಆಟಗಳು'. ವಾರ ಕಳೆದರೆ ಅದರ ಮೇಲೇ 'ಭರ್ಜರಿ 2ನೇ ವಾರ', ಕಲೆಕ್ಷನ್ನು ಬಿದ್ದರೆ 'ಇಂದೇ ಕಡೆ'. ಮೇಲಿನ ಬಣ್ಣದ ಚಿತ್ರ ಶಿವಕಾಶಿಯಿಂದಲೋ ಮದರಾಸಿನಿಂದಲೋ ಅಚ್ಚಾಗಿ ಬಂದದ್ದು. ಅದೇ ಮುಖ ಬೀದರಿನಲ್ಲೂ ಇತ್ತು, ಪುತ್ತೂರಿನಲ್ಲೂ ಇತ್ತು. ಸ್ಲಿಪ್ಪು ಮಾತ್ರ ಊರಿನ ಪ್ರೆಸ್ಸಿನಲ್ಲಿ, ಮದುವೆಯ ಕರೆಯೋಲೆ ಹೊಡೆಯುವ ಮಷೀನಿನಲ್ಲೇ ಹೊಡೆಸಿದ್ದು. ಪೋಸ್ಟರು ಸಿನಿಮಾದ್ದು, ಸ್ಲಿಪ್ಪು ನಮ್ಮದು. ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ಹೆಸರುಗಳು ಸಿನಿಮಾದ ಜತೆಗೆ ಅಚ್ಚಾಗಿ ಗೋಡೆ ಏರುತ್ತಿದ್ದದ್ದು ಆ ಪಟ್ಟಿಯಲ್ಲಿ ಮಾತ್ರ.

ಊರುಗಳಲ್ಲಿ ಟಾಕೀಸು, ಹೋಬಳಿಗಳಲ್ಲಿ ಟೆಂಟು. ಮಾಗಡಿ, ಕನಕಪುರದ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಗುಡಾರ ಏಳುತ್ತಿತ್ತು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ನೆಲದವರು ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಎತ್ತರಿಸಿ ಕೂರುತ್ತಿದ್ದರು. ಲೌಡ್‌ಸ್ಪೀಕರಿನಲ್ಲಿ ಘಂಟಸಾಲರ ವೆಂಕಟೇಶನ ಹಾಡು ಕೇಳಿತೆಂದರೆ ಆಟ ಶುರುವಾಗಲು ಹೊತ್ತಾಯಿತು ಎಂದರ್ಥ. ಹೊಲದ ಬದುವಿನ ಮೇಲೆ ಓಡುವವರ ಸಾಲೇ ಕಾಣುತ್ತಿತ್ತು. ಅಂಥ ಕಡೆ ಪೋಸ್ಟರು ಗಾಡಿಯ ಎರಡೂ ಮಗ್ಗುಲಿಗೆ ಕಟ್ಟಿದ ತಟ್ಟಿಯ ಮೇಲೆ ಊರೂರು ತಿರುಗುತ್ತಿತ್ತು. ಗಾಡಿಯಿಂದ ಎಸೆದ ಬಣ್ಣದ ಹ್ಯಾಂಡ್‌ಬಿಲ್ಲನ್ನು ಮಕ್ಕಳು ಧೂಳಲ್ಲಿ ಬಿದ್ದು ಆಯುತ್ತಿದ್ದರು. ಅದರಲ್ಲಿ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಮಿಕ್ಕದ್ದನ್ನು ಬೆಳ್ಳಿ ಪರದೆಯ ಮೇಲೆ ನೋಡಿ ಆನಂದಿಸಿ ಎಂದು ಮುಗಿಸುವುದು ವಾಡಿಕೆ.

ಈ ಪೋಸ್ಟರು ಎಂಬುದು ಹುಟ್ಟಿದ್ದು ಕಲ್ಲಿನಲ್ಲಿ. ರಾಮನಗರದಂಥ ಬಂಡೆಯೂರಿನಲ್ಲಿ ನಿಂತು ಈ ಮಾತು ಹೇಳುವಾಗ ನನಗೊಂದು ಹಿಗ್ಗು. 1796ರ ಸುಮಾರಿಗೆ ಜರ್ಮನಿಯ ಆಲೋಯ್ಸ್ ಸೆನೆಫೆಲ್ಡರ್ ಕಲ್ಲಚ್ಚನ್ನು ಕಂಡುಹಿಡಿದ. ಸೋಲ್ನ್‌ಹೋಫೆನ್ ಎಂಬಲ್ಲಿ ಸಿಗುವ ನುಣುಪಾದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯುವುದು, ಕಲ್ಲನ್ನು ನೀರಿನಿಂದ ಒದ್ದೆ ಮಾಡುವುದು, ಮೇಲೆ ಮಸಿಯ ರೋಲರು ಉರುಳಿಸುವುದು. ಒದ್ದೆಯಿದ್ದ ಕಡೆ ಮಸಿ ಹಿಡಿಯದು, ಜಿಡ್ಡಿದ್ದ ಕಡೆ ಹಿಡಿಯುತ್ತದೆ. ಕಾಗದ ಒತ್ತಿದರೆ ಚಿತ್ರ. ಬಣ್ಣಕ್ಕೊಂದು ಕಲ್ಲು. ಹಳದಿಯ ಕಲ್ಲು, ಕೆಂಪಿನ ಕಲ್ಲು, ನೀಲಿಯ ಕಲ್ಲು ಎಂದು ಒಂದೇ ಕಾಗದ ಸಾಲಾಗಿ ಎಲ್ಲದರಡಿ ಹಾದು ಬರಬೇಕು. ಪ್ಯಾರಿಸ್ಸಿನ ಜೂಲ್ ಶೆರೆ ಈ ಕೆಲಸವನ್ನು ಬೀದಿಯ ಕಲೆಯಾಗಿಸಿದವನು. 1892ರಲ್ಲಿ ಎಮಿಲ್ ರೆನೋ ಎಂಬಾತ ಕೈಯಿಂದ ಬರೆದ ಚಿತ್ರಗಳನ್ನು ಬೆಳಕಿನಲ್ಲಿ ಓಡಿಸಿ ತೋರಿಸಿದಾಗ ಅದಕ್ಕೆ ಶೆರೆಯೇ ಪೋಸ್ಟರು ಮಾಡಿದ. ಆಗಿನ್ನೂ ಲ್ಯೂಮಿಯೇರ್ ಸೋದರರ ಸಿನಿಮಾ ಬಂದಿರಲಿಲ್ಲ. ಅದು ಬಂದದ್ದು 1895ರ ಡಿಸೆಂಬರ್ 28ಕ್ಕೆ. ಅವರ ತೋಟಗಾರನ ತಮಾಷೆಯ ಚಿತ್ರಕ್ಕೆ ಮಾರ್ಸೆಲಿನ್ ಓಜೋಲ್ ಬರೆದ ಪೋಸ್ಟರಿನಲ್ಲಿ ಪರದೆಯೂ ಇದೆ, ಪರದೆ ನೋಡಿ ನಗುವ ಜನವೂ ಇದ್ದಾರೆ. ಇಂಥ ಸಿನಿಮಾ ಬಂದಿದೆ ಎನ್ನುವುದರ ಜತೆಗೇ, ಬನ್ನಿ, ಹೀಗೆ ನಕ್ಕುಬಿಡುತ್ತೀರಿ ಎಂದೂ ಅದು ಕರೆಯುತ್ತದೆ.

ಇಂಡಿಯಾಕ್ಕೆ ಸಿನಿಮಾ 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂದಿತು. ಅದರ ಹಿಂದೆ ಮುಂದೆಯೇ, 1894ರಲ್ಲಿ, ರಾಜಾ ರವಿವರ್ಮರ ಪ್ರೆಸ್ಸು ಮುಂಬಯಿಯಲ್ಲಿ ಶುರುವಾಗಿ ದೇವರ ಪಟಗಳನ್ನು ಕಲ್ಲಚ್ಚಿನಲ್ಲಿ ಹೊಡೆಯತೊಡಗಿತ್ತು. ನಮ್ಮ ಅಜ್ಜಿಯರ ದೇವರಕೋಣೆಯ ಲಕ್ಷ್ಮಿ, ಸರಸ್ವತಿ ಬಂದದ್ದು ಅಲ್ಲಿಂದ. ಆ ಪ್ರೆಸ್ಸಿಗೆ ಕೆಲಸ ಮಾಡಿಕೊಡುತ್ತಿದ್ದವರಲ್ಲಿ ದಾದಾಸಾಹೇಬ್ ಫಾಲ್ಕೆಯೂ ಒಬ್ಬರು. 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆಗೆದವರು ಅವರೇ. ಹೀಗೆ ನಮ್ಮಲ್ಲಿ ದೇವರ ಪಟ, ಸಿನಿಮಾ, ಪೋಸ್ಟರು ಮೂರಕ್ಕೂ ಒಂದೇ ಅಂಗಳ. ಕೊಲ್ಹಾಪುರದ ಬಾಬುರಾವ್ ಪೇಂಟರ್ ನಾಟಕದ ಪರದೆ ಬರೆಯುತ್ತಿದ್ದವರು, ಸಿನಿಮಾ ಮಾಡಿದರು, ತಮ್ಮ ಸಿನಿಮಾದ ಪೋಸ್ಟರನ್ನೂ ತಾವೇ ಬರೆದರು. ಅವರ 1924ರ 'ಕಲ್ಯಾಣ್ ಖಜಿನಾ' ಪೋಸ್ಟರು ಉಳಿದುಬಂದಿರುವ ನಮ್ಮ ಅತಿ ಹಳೆಯ ಸಚಿತ್ರ ಪೋಸ್ಟರುಗಳಲ್ಲೊಂದು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದದ್ದೂ ಅದೇ ಕೊಲ್ಹಾಪುರದಲ್ಲಿ. 1934ರ ಮಾರ್ಚ್ 3ರಂದು ಅದು ಬೆಂಗಳೂರಿನಲ್ಲಿ ತೆರೆಕಂಡಿತು.

ಸೋಲ್ನ್‌ಹೋಫೆನ್ನಿನ ಕಲ್ಲಿಗೆ ನಮ್ಮ ಕಲ್ಲನ್ನು ಹೋಲಿಸಲಾಗದು. ರಾಮನಗರದ ಬಂಡೆಯ ಮೇಲೆ ಅಂಗೈ ಇಟ್ಟರೆ ತರಿತರಿ. ಹತ್ತಿರ ಬಗ್ಗಿ ನೋಡಿದರೆ ಹೆಬ್ಬೆರಳುಗಾತ್ರದ ನಸುಗೆಂಪು ಹರಳುಗಳು, ನಡುನಡುವೆ ಬೂದುಬಣ್ಣದ ಬೆಣಚು, ಕಪ್ಪು ಅಭ್ರಕದ ಚುಕ್ಕೆ. ಊರಿನ ಹಳೆಯ ಹೆಸರಾದ ಕ್ಲೋಸ್‌ಪೇಟೆಯನ್ನೇ ಭೂವಿಜ್ಞಾನಿಗಳು ಈ ಕಲ್ಲಿಗೆ ಇಟ್ಟಿದ್ದಾರೆ. ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ತೆಂಕಣದಿಂದ ಬಡಗಣಕ್ಕೆ ಸುಮಾರು 400 ಕಿಲೋಮೀಟರು ಉದ್ದಕ್ಕೆ ಹಬ್ಬಿದ ಪಟ್ಟಿ ಅದು. ಬೆಳಿಗ್ಗೆ ಅದರ ಮೈ ನಸುಗೆಂಪು, ನಡುಮಧ್ಯಾಹ್ನ ಬಿಳಿಚಿದ ಬೂದಿ, ಸಂಜೆ ಐದೂವರೆಯ ಬಿಸಿಲಲ್ಲಿ ಹಳೆಯ ತಾಮ್ರ. ಇಂಥ ಕಲ್ಲಿನ ಮೇಲೆ ಯಾವ ಚಿತ್ರವನ್ನೂ ಅಚ್ಚೊತ್ತಲಾಗದು. ಆದರೆ ಕಲ್ಲೇ ಚಿತ್ರವಾಗಿ ಅಚ್ಚಾಯಿತು.

ಮುಂಬಯಿಯ ಕಲಾ ನಿರ್ದೇಶಕ ರಾಮ್ ಯೇಡೇಕರ್ 'ಶೋಲೆ' ಎಂಬ ಡಕಾಯಿತರ ಕಥೆಗೊಂದು ಜಾಗ ಹುಡುಕುತ್ತ ಬಂದು ಈ ಬೆಟ್ಟಗಳನ್ನು ಕಂಡರು. ಅಲ್ಲಿಯ ತನಕ ಹಿಂದಿಯ ಡಕಾಯಿತರೆಂದರೆ ಚಂಬಲ್ ಕಣಿವೆ, ಮಣ್ಣಿನ ಕೊರಕಲು. ನಿರ್ದೇಶಕ ರಮೇಶ್ ಸಿಪ್ಪಿಗೆ ಬೇಕಾದದ್ದು ಬೇರೆ. ಎತ್ತರದಲ್ಲಿ ನಿಂತವನು ದೇವರಂತೆಯೋ ದೆವ್ವದಂತೆಯೋ ಕಾಣಬೇಕು, ತಗ್ಗಿನಲ್ಲಿ ನಿಂತವನು ಇರುವೆಯಷ್ಟಾಗಬೇಕು. ರಾಮದೇವರ ಬೆಟ್ಟದ ತಪ್ಪಲಿನಲ್ಲಿ ಅವರು ಒಂದು ಊರನ್ನೇ ಕಟ್ಟಿದರು. ಠಾಕೂರನ ಮನೆ, ನೀರಿನ ಟ್ಯಾಂಕು, ಗುಡಿ, ಮಸೀದಿ, ಬೀದಿ, ಅಂಗಡಿ. ಸಾಮಾನು ಸಾಗಿಸಲು ಹೆದ್ದಾರಿಯಿಂದ ರಸ್ತೆ ಎಳೆದರು. 1973ರ ಅಕ್ಟೋಬರಿನಲ್ಲಿ ಶುರುವಾದ ಚಿತ್ರೀಕರಣ ಬಿಟ್ಟು ಬಿಟ್ಟು 1975ರ ತನಕ ನಡೆಯಿತು. ಆ ಜಾಗವನ್ನು ಜನ ಕೆಲಕಾಲ ಸಿಪ್ಪಿ ನಗರ ಎಂದೇ ಕರೆದರು. ರೇಷ್ಮೆಗೂಡು ಮಾರಲು ಬಂದವರು, ಕಡಲೆಕಾಯಿ ಹೊಲದವರು, ದನ ಮೇಯಿಸುವ ಹುಡುಗರು ಕೆಲಸ ಬಿಟ್ಟು ಬಂಡೆಯ ಮೇಲೆ ಕೂತು ನೋಡಿದರು. ಅವರಲ್ಲಿ ಕೆಲವರು ಚಿತ್ರದಲ್ಲಿ ರಾಮಗಢದ ಹಳ್ಳಿಗರಾಗಿಯೂ ನಿಂತಿದ್ದಾರೆ.

'ಶೋಲೆ'ಯ ಗುಂಡು, ಕುದುರೆ, ಡಕಾಯಿತ ಗಬ್ಬರನ ಸಂಭಾಷಣೆ ಯಾರಿಗೆ ಗೊತ್ತಿಲ್ಲ. ನನಗೆ ಅದರಲ್ಲಿ ದೊಡ್ಡದೆನಿಸುವುದು ಮಾತೇ ಇಲ್ಲದ ಒಂದು ತುಣುಕು. ಮುಸ್ಸಂಜೆ. ಠಾಕೂರನ ಮನೆಯ ಜಗಲಿಯಲ್ಲಿ ಬಿಳಿ ಸೀರೆಯ ಸೊಸೆ ಒಂದೊಂದಾಗಿ ದೀಪ ಹಚ್ಚುತ್ತಾ, ಆರಿಸುತ್ತಾ ಹೋಗುತ್ತಾಳೆ. ಎದುರಿನ ಮೆಟ್ಟಿಲ ಮೇಲೆ ಅಮಿತಾಭ್ ಬಚ್ಚನ್ ಮೌತ್ ಆರ್ಗನ್ ನುಡಿಸುತ್ತಾ ಕೂತಿದ್ದಾರೆ. ಹೊತ್ತು ಮುಳುಗಿ ಕತ್ತಲಾಗುವ ಮುಂಚೆ ನಮ್ಮ ಕಡೆ ಆಕಾಶಕ್ಕೊಂದು ನೀಲಿ ಬರುತ್ತದಲ್ಲ, ಛಾಯಾಗ್ರಾಹಕ ದ್ವಾರಕಾ ದಿವೇಚಾ ಅದೇ ಬೆಳಕು ಬೇಕೆಂದರು. ಅದು ದಿನಕ್ಕೆ ಸಿಗುವುದು ಕೆಲವೇ ನಿಮಿಷ. ಒಂದು ಶಾಟ್ ತೆಗೆಯುವಷ್ಟರಲ್ಲಿ ಬೆಳಕು ಹೋಯಿತು, ನಾಳೆ ಬನ್ನಿ. ನಾಳೆ ಮೋಡ, ನಾಡಿದ್ದು ಬನ್ನಿ. ಹೀಗೆ ಸುಮಾರು 20 ದಿನ ಹಿಡಿಯಿತು. ಅಂದರೆ ಆ ತುಣುಕಿನಲ್ಲಿ ಇರುವುದು ರಾಮನಗರದ ಹತ್ತಾರು ಸಂಜೆಗಳು. ಈಗಲೂ ಚಳಿಗಾಲದಲ್ಲಿ ಮೈಸೂರು ಕಡೆಗೆ ಹೋಗುವ ರೈಲಿನ ಬಲಬದಿಯ ಕಿಟಕಿಯಲ್ಲಿ ಕೂತರೆ ಆ ನೀಲಿಯನ್ನು ನೋಡಬಹುದು.

1975ರ ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾಯಿತು. ತುರ್ತು ಪರಿಸ್ಥಿತಿಯ ದಿನಗಳು. ಠಾಕೂರ್ ತಾನೇ ಗಬ್ಬರನನ್ನು ಕೊಲ್ಲುವ ಕೊನೆಯನ್ನು ಸೆನ್ಸಾರಿನವರು ಒಪ್ಪಲಿಲ್ಲ. ಪೊಲೀಸರು ಬಂದು ಹಿಡಿದೊಯ್ಯುವಂತೆ ಬದಲಿಸಬೇಕಾಯಿತು. ಮುಂಬಯಿಯ ಮಿನರ್ವಾದಲ್ಲಿ ಚಿತ್ರ ಐದು ವರ್ಷ ಓಡಿತು. ಪೋಸ್ಟರಿನಲ್ಲಿ 70 ಎಂ.ಎಂ. ಎಂದೂ ಸ್ಟೀರಿಯೋಫೋನಿಕ್ ಸೌಂಡ್ ಎಂದೂ ಅಚ್ಚಾಗಿತ್ತು. ಬೆಂಕಿಯ ಬಣ್ಣ, ಮುಂದಕ್ಕೆ ಉಬ್ಬಿ ಬರುವ ದಪ್ಪ ಅಕ್ಷರ, ಬಂದೂಕು, ಸಾಲು ಸಾಲು ಮುಖ. ಚಿತ್ರಕ್ಕೆ ಮೈಕಟ್ಟು ಕೊಟ್ಟ ಊರಿನ ಹೆಸರು ಎಲ್ಲೂ ಇಲ್ಲ. ಕಥೆಯೊಳಗೂ ಈ ಊರು ರಾಮಗಢ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಮತ್ತೊಂದು ಹೆಸರು ಬಂತು. ಇ. ಎಂ. ಫಾರ್ಸ್ಟರರ 'ಅ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯಲ್ಲಿ ಮರಬಾರ್ ಗುಹೆಗಳಿವೆ. ಅದನ್ನು ಸಿನಿಮಾ ಮಾಡಲು ಹೊರಟ ಡೇವಿಡ್ ಲೀನ್‌ಗೆ, ಆ ಗುಹೆಗಳಿಗೆ ಮೂಲವಾದ ಬಿಹಾರದ ಬರಾಬರ್ ಬೆಟ್ಟವನ್ನು ಹೋಗಿ ನೋಡಿದಾಗ ಮನಸ್ಸು ಒಪ್ಪಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಮಾಗಡಿಯ ಸಾವನದುರ್ಗ. ಸಮುದ್ರಮಟ್ಟದಿಂದ 1226 ಮೀಟರು ಎತ್ತರದ, ಒಂದೇ ಎರಕದಂಥ ಬಂಡೆ. ಮಳೆಗಾಲದ ನೀರು ಸಾವಿರಾರು ವರ್ಷ ಹರಿದೂ ಹರಿದೂ ಅದರ ಮೈಮೇಲೆ ಕಪ್ಪು ಗೀರುಗಳು ಬಿದ್ದಿವೆ. ಕೆಳಗೆ ನಿಂತು ತಲೆಯೆತ್ತಿದರೆ ಕಣ್ಣಿಗೆ ಹಿಡಿಯಲು ಒಂದು ಗಿಡವೂ ಸಿಗದೆ ತಲೆ ತಿರುಗಿದ ಹಾಗಾಗುತ್ತದೆ. ಆ ಕಾದಂಬರಿಯ ಹೆಂಗಸೊಬ್ಬಳಿಗೆ ಗುಹೆಯೊಳಗೆ ಆದದ್ದೂ ಅದೇ ಬಗೆಯ ದಿಗಿಲು. ಗುಹೆಯ ಬಾಯಿಗಳನ್ನು ಚಿತ್ರತಂಡವೇ ಮಾಡಿಕೊಂಡಿತು. ರಾಮನಗರದ ಬಂಡೆಗಳೂ ಜತೆ ಸೇರಿದವು. 1984ರಲ್ಲಿ ತೆರೆಕಂಡ 'ಅ ಪ್ಯಾಸೇಜ್ ಟು ಇಂಡಿಯಾ'ಕ್ಕೆ ಎರಡು ಆಸ್ಕರ್ ಬಂದವು, ಪೆಗ್ಗಿ ಆಶ್‌ಕ್ರಾಫ್ಟ್‌ಗೊಂದು, ಸಂಗೀತದ ಮಾರಿಸ್ ಜಾರ್‌ಗೊಂದು. ಸಾವನದುರ್ಗದ ಬುಡದ ವೀರಭದ್ರನ ಗುಡಿಗೆ, ನರಸಿಂಹನ ಗುಡಿಗೆ ಹರಕೆ ಹೊತ್ತು ಬರುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ.

ಸಿನಿಮಾ ಎಲ್ಲ ಊರಿಗೂ ಹೀಗೆ ಬೇರೆ ಹೆಸರಿಡುತ್ತದೆ. 'ಶೋಲೆ'ಗೆ ದಾರಿ ತೋರಿದ ಇಟಲಿಯ ಸರ್ಜಿಯೋ ಲಿಯೋನೆಯ ಕೌಬಾಯ್ ಚಿತ್ರಗಳಲ್ಲಿ ಕಾಣುವ ಅಮೆರಿಕದ ಮರುಭೂಮಿ ಬಹುಪಾಲು ಸ್ಪೇನಿನ ಅಲ್ಮೇರಿಯಾದ್ದು. ಅಲ್ಲಿಯವರು ಆ ಸೆಟ್ಟುಗಳನ್ನು ಉಳಿಸಿಕೊಂಡರು, ಇಂದಿಗೂ ಜನ ಟಿಕೆಟ್ ತೆಗೆದು ಅದೇ ಮರದ ಬೀದಿಯಲ್ಲಿ ಓಡಾಡುತ್ತಾರೆ. ನಮ್ಮ ರಾಮಗಢವನ್ನು ಚಿತ್ರೀಕರಣ ಮುಗಿದ ಮೇಲೆ ಕಳಚಿದರು. ಇಂದು ಶೋಲೆ ಬೆಟ್ಟ ಎಲ್ಲಿ ಎಂದು ಕೇಳಿಕೊಂಡು ಬಂದವರಿಗೆ ಸಿಗುವುದು ಬಂಡೆ, ಬಿಸಿಲು ಮತ್ತು ಬೆರಳು ತೋರಿಸಿ ಕಥೆ ಹೇಳುವ ಊರಿನವರು.

ಪೋಸ್ಟರಿನ ಕಥೆಯೂ ದೇಶಕ್ಕೊಂದು ತೆರ. ಸೋವಿಯತ್ ರಷ್ಯದ ಸ್ಟೆನ್‌ಬರ್ಗ್ ಸೋದರರು 1920ರ ದಶಕದಲ್ಲಿ ಮುಖವನ್ನೂ ಕಟ್ಟಡವನ್ನೂ ಕತ್ತರಿಸಿ ತಿರುಗಿಸಿ ಜೋಡಿಸಿದರು. ಯುದ್ಧಾನಂತರದ ಪೋಲೆಂಡಿನಲ್ಲಿ ಸಿನಿಮಾ ಸರ್ಕಾರದ ಕೈಯಲ್ಲಿತ್ತು. ನಟನ ಮುಖ ತೋರಿಸಿ ಟಿಕೆಟ್ ಮಾರುವ ಒತ್ತಡವಿಲ್ಲದೆ ಅಲ್ಲಿನ ಕಲಾವಿದರು ಒಂದು ಕಣ್ಣು, ಒಂದು ಕಲೆ, ಒಂದು ಗೆರೆಯಲ್ಲಿ ಇಡೀ ಚಿತ್ರ ಹೇಳಿದರು. ಘಾನಾದಲ್ಲಿ 1980ರ ದಶಕದಲ್ಲಿ ವಿಡಿಯೋ ಕ್ಯಾಸೆಟ್ಟು, ಟಿ.ವಿ., ಜನರೇಟರ್ ಹೊತ್ತು ಹಳ್ಳಿ ತಿರುಗುವವರು ಹಿಟ್ಟಿನ ಚೀಲ ಬಿಚ್ಚಿ ಹೊಲಿದ ಬಟ್ಟೆಯ ಮೇಲೆ ಪೋಸ್ಟರು ಬರೆಸುತ್ತಿದ್ದರು. ಹಿಟ್ಟಿನ ಚೀಲದ ಆ ಪೋಸ್ಟರುಗಳನ್ನು ನಮ್ಮ ಟೆಂಟಿನ ಗಾಡಿ ಕಂಡವರು ನೋಡಿದರೆ ಕೂಡಲೇ ನಂಟು ಹಿಡಿಯುತ್ತಾರೆ.

ನಮ್ಮದು ಮುಖದ ಕಲೆ. ಅದರ ದೊಡ್ಡ ಮನೆ ಬೆಂಗಳೂರಿನ ಕೆಂಪೇಗೌಡ ರಸ್ತೆ. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶದವರು ಮುಂದೆ ಆಳಿದ್ದು ಮಾಗಡಿಯಿಂದ. ಹಾಗಾಗಿ ಆ ರಸ್ತೆ ಮಾಗಡಿಯವರಿಗೆ ಪರಸ್ಥಳವಲ್ಲ. 'ಬಂಗಾರದ ಮನುಷ್ಯ' 1972ರಲ್ಲಿ ಬಂದು ಎರಡು ವರ್ಷ ಓಡಿದ್ದು ಅಲ್ಲಿಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ. ಹೊಸ ಚಿತ್ರ ಬಂದಾಗ ಥಿಯೇಟರಿನ ಮುಂದೆ ಮೂರು ಮಹಡಿಯ ಕಟೌಟು ಏಳುತ್ತಿತ್ತು. ಅದನ್ನು ಬರೆಯುವ ಬಗೆ ಬಲ್ಲಿರಾ? ಕೈಯಲ್ಲಿ ಅಂಗೈಯಷ್ಟು ಫೋಟೋ. ಅದರ ಮೇಲೆ ಪೆನ್ಸಿಲಿನಿಂದ ಚೌಕ ಚೌಕ ಗೀಟು. ಅಷ್ಟೇ ಚೌಕಗಳನ್ನು ದೊಡ್ಡದಾಗಿ ಬಟ್ಟೆ ಬಿಗಿದ ಚೌಕಟ್ಟುಗಳ ಮೇಲೆ, ಪ್ಲೈವುಡ್ಡಿನ ಮೇಲೆ ದಾರ ಹಿಡಿದು ಗುರುತಿಸುವುದು. ಆಮೇಲೆ ಚೌಕಕ್ಕೆ ಚೌಕ ತುಂಬುವುದು. ಬರೆಯುವವನ ಎದುರು ಇರುವುದು ಮುಖವಲ್ಲ, ಆಳೆತ್ತರದ ಒಂದು ಕಣ್ಣು, ಇಲ್ಲವೇ ಒಂದು ಹುಬ್ಬಿನ ತುದಿ. ಕೆನ್ನೆಯ ನೆರಳಿಗೆ ಹಸಿರು, ಹಣೆಯ ಬೆಳಕಿಗೆ ಗುಲಾಬಿ, ಮೂಗಿನ ಅಂಚಿಗೆ ಒಂದು ನೀಲಿ. ಹತ್ತಿರದಿಂದ ಅದು ಬಣ್ಣದ ಗದ್ದೆ. ರಸ್ತೆ ದಾಟಿ ಆಚೆ ಫುಟ್‌ಪಾತಿನಲ್ಲಿ ನಿಂತಾಗ ಮಾತ್ರ ರಾಜಕುಮಾರ್ ನಗುತ್ತಾರೆ. ಸರ್ವೆ ಮರಕ್ಕೆ ಕಟ್ಟಿ ಎತ್ತಿ ನಿಲ್ಲಿಸಿದ ಮೇಲೆ ಅಭಿಮಾನಿಗಳ ಸ್ಟಾರುಗಳು, ಆಳುದ್ದದ ಹೂವಿನ ಹಾರ. ಬರೆದವನ ಸಹಿ, ಇದ್ದರೆ, ಕಾಲಿನ ಬಳಿ ಮೂಲೆಯಲ್ಲಿ. ಎಂ. ಎಫ್. ಹುಸೇನರು ಮುಂಬಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದೇ ಬದುಕು ಶುರುಮಾಡಿದವರು ಎಂಬುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹುಸೇನರಾಗದೆ ಉಳಿದವರ ಕೈಯೂ ಅಷ್ಟೇ ನುರಿತ ಕೈ ಎನ್ನುವುದನ್ನು ಹೇಳುವುದಿಲ್ಲ. ಅವರ ಚಿತ್ರಗಳ ಆಯಸ್ಸು ಸಿನಿಮಾ ಓಡುವಷ್ಟು ದಿನ. ಮುಂದಿನ ಚಿತ್ರಕ್ಕೆ ಅದೇ ಬಟ್ಟೆಗೆ ಬಿಳಿ ಬಳಿದು ಹೊಸ ಮುಖ ಬರೆಯುತ್ತಿದ್ದರು.

2000ದ ಆಚೀಚೆ ಫ್ಲೆಕ್ಸ್ ಬಂತು. ವಾರಗಟ್ಟಲೆಯ ಕೆಲಸ ಗಂಟೆಗಳಿಗೆ ಇಳಿಯಿತು. ಕುಂಚ ಹಿಡಿದವರು ಅಂಗಡಿ ಬೋರ್ಡಿಗೆ, ಲಾರಿಯ ಹಿಂಬದಿಗೆ, ಶಾಲೆಯ ಗೋಡೆಗೆ ಹೋದರು. ಕೆಲವರು ಕುಂಚವನ್ನೇ ಬಿಟ್ಟರು. ಫ್ಲೆಕ್ಸನ್ನು ಸರ್ಕಾರ 2016ರಲ್ಲಿ ನಿಷೇಧಿಸಿದಾಗ ಅವರಲ್ಲಿ ಮತ್ತೆ ಕರೆ ಬಂದೀತೆಂಬ ಆಸೆ ಹುಟ್ಟಿತ್ತು. ಅಷ್ಟು ಹೊತ್ತಿಗೆ ಪೋಸ್ಟರು ಗೋಡೆಯನ್ನೇ ಬಿಟ್ಟು ಮೊಬೈಲಿಗೆ ಇಳಿದಿತ್ತು. ಫಸ್ಟ್ ಲುಕ್ ಈಗ ಬೆಳಿಗ್ಗೆ ಹತ್ತಕ್ಕೆ ಎಲ್ಲರ ಅಂಗೈಗೆ ಒಟ್ಟಿಗೇ ಬರುತ್ತದೆ. ಅದಕ್ಕೆ ಊರಿಲ್ಲ, ಹಾಗಾಗಿ ಸ್ಲಿಪ್ಪೂ ಇಲ್ಲ.

ಬೆಟ್ಟ ಮಾತ್ರ ತನ್ನ ಒಕ್ಕಲನ್ನು ಉಳಿಸಿಕೊಂಡಿದೆ. ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ಜಾಗವೆಂದು ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಸಾರಲಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದಿಂದ ಹದ್ದಿನ ಹೊಟ್ಟೆ ಸೇರಿ ದೇಶದುದ್ದಕ್ಕೂ ಅವುಗಳ ಸಂತತಿಯನ್ನು ಬಹುಪಾಲು ಅಳಿಸಿತು. ಇಲ್ಲಿ ಉಳಿದಿರುವುದು ಬೆರಳೆಣಿಕೆ. ಅಲ್ಲಿ 'ಶೋಲೆ' ಹೆಸರಲ್ಲಿ ಪ್ರವಾಸಿ ಹಳ್ಳಿ ಕಟ್ಟುವ ಮಾತು ಬಂದಾಗಲೆಲ್ಲ ಹಕ್ಕಿಗಳ ಪರವಾಗಿ ನಿಂತವರು ಸರಿಯಾಗಿಯೇ ನಿಂತರು. ಸಿನಿಮಾದ ನೆನಪಿಗೆ ಬೆಟ್ಟವೇ ಬೇಕಿಲ್ಲ.

ಆ ನೆನಪು ಎಷ್ಟು ದೂರ ಹೋಗಿದೆ ಎಂದರೆ, 2025ರ ಜೂನ್ 27ರ ರಾತ್ರಿ ಇಟಲಿಯ ಬೊಲೋನ್ಯಾ ನಗರದ ಪಿಯಾತ್ಸಾ ಮಜ್ಜೋರೆ ಚೌಕದಲ್ಲಿ, ಬಯಲಿನ ದೊಡ್ಡ ಪರದೆಯ ಮೇಲೆ, ದುರಸ್ತಿಯಾದ 'ಶೋಲೆ' ಮೊದಲ ಬಾರಿಗೆ ಮೂಡಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ವರ್ಷಗಟ್ಟಲೆ ಕೂತು ಹಳೆಯ ಫಿಲ್ಮ್ ಪ್ರತಿಗಳನ್ನು ಹುಡುಕಿ, ಸೆನ್ಸಾರ್ ಕತ್ತರಿಸಿದ್ದ ಮೂಲ ಕೊನೆಯನ್ನೂ ಸೇರಿಸಿ ಉಳಿಸಿಕೊಟ್ಟ ಪ್ರತಿ ಅದು. ಲಿಯೋನೆಯ ನಾಡಿನವರು ಕಲ್ಲುಚಪ್ಪಡಿಯ ಚೌಕದಲ್ಲಿ ಕೂತು ನಮ್ಮ ಕ್ಲೋಸ್‌ಪೇಟೆಯ ಬಂಡೆ ನೋಡಿದರು. ಡಿಸೆಂಬರಿನಲ್ಲಿ ಅದೇ ಪ್ರತಿ ನಮ್ಮ ಚಿತ್ರಮಂದಿರಗಳಿಗೂ ಬಂತು.

ಒಂದು ಚಿತ್ರದ ರೀಲಿಗೆ ಇಷ್ಟು ಆರೈಕೆ ಸಿಕ್ಕಿತಲ್ಲ ಎಂದು ಖುಷಿಪಡುವಾಗಲೇ ನನ್ನ ಮನಸ್ಸು ರಾಮನಗರ ಚನ್ನಪಟ್ಟಣಗಳ ನಡುವೆ ಹೆದ್ದಾರಿ ಬದಿಯ ಜಾನಪದ ಲೋಕಕ್ಕೆ ಹೋಗುತ್ತದೆ. ಎಚ್. ಎಲ್. ನಾಗೇಗೌಡರು 1994ರಲ್ಲಿ ಅದನ್ನು ತೆರೆದಾಗ ನೇಗಿಲು, ಕೊಳಗ, ದೀಪದ ಕಂಬ, ಒನಕೆಗಳನ್ನು ವಸ್ತುಸಂಗ್ರಹಾಲಯದಲ್ಲಿ ಇಡುವುದೇ ಎಂದು ಕೇಳಿದವರಿದ್ದರು. ಅಲ್ಲಿಯ ತೊಗಲುಗೊಂಬೆಗಳ ಮುಂದೆ ನಿಲ್ಲಿ. ಹದಮಾಡಿದ ಚರ್ಮದ ಮೇಲೆ ಕೆಂಪು, ಕಪ್ಪು, ಹಸಿರು. ಒಡವೆಯ ಗೆರೆಗುಂಟ ಕೊರೆದ ಸಣ್ಣ ಸಣ್ಣ ತೂತು. ಹಿಂದೆ ದೀಪವಿಟ್ಟರೆ ತೂತುಗಳಲ್ಲಿ ಬೆಳಕು ತೂರಿ ರಾವಣನ ಕಿರೀಟ ಮಿನುಗುತ್ತದೆ. ದೀಪ, ಪರದೆ, ಕತ್ತಲಲ್ಲಿ ಕೂತ ಊರು, ಎಲ್ಲವೂ ಸಿನಿಮಾಕ್ಕಿಂತ ಮೊದಲೇ ನಮ್ಮಲ್ಲಿತ್ತು. ಅದೇ ಸಾಲಿನಲ್ಲಿ, ಗೊಂಬೆಗಳ ಪಕ್ಕದ ಕೋಣೆಯಲ್ಲಿ, ಟೂರಿಂಗ್ ಟಾಕೀಸಿನ ಕೈಗಾಡಿ, ಮರದ ಅಕ್ಷರದ ಮೊಳೆ, ಅಂಟಿನ ಬಕೆಟ್ಟು, ಕಟೌಟು ಬರೆದ ಕುಂಚ, 'ಇಂದೇ ಕಡೆ' ಎಂಬ ಸ್ಲಿಪ್ಪಿನ ಕಟ್ಟು ಬರಬೇಕು. ನಮ್ಮ ತಾಲ್ಲೂಕುಗಳ ಮುಚ್ಚಿದ ಟಾಕೀಸುಗಳ ಪ್ರೊಜೆಕ್ಟರ್ ಕೋಣೆಗಳಲ್ಲಿ, ಹಳೆಯ ಪ್ರೆಸ್ಸುಗಳ ಅಟ್ಟದ ಮೇಲೆ ಇವು ಇನ್ನೂ ಸಿಗುತ್ತವೆ. ಆದರೆ ಟಾಕೀಸುಗಳು ಒಂದೊಂದಾಗಿ ಕಲ್ಯಾಣ ಮಂಟಪವಾಗುತ್ತಿವೆ, ಕಾಂಪ್ಲೆಕ್ಸಾಗುತ್ತಿವೆ. ಕಟ್ಟಡ ಒಡೆಯುವ ದಿನ ಮೊದಲು ಗುಜರಿಗೆ ಹೋಗುವುದು ಕಬ್ಬಿಣ, ಆಮೇಲೆ ಮರ. ಕಾಗದವನ್ನು ಅಲ್ಲೇ ಸುಡುತ್ತಾರೆ. ಯಾರಾದರೂ ಆ ದಿನಕ್ಕಿಂತ ಮುಂಚೆ ಹೋಗಿ ಮಾಲೀಕರ ಬಾಗಿಲು ತಟ್ಟಬೇಕು.